ಕಂದನಿಗೆ ಜ್ಞಾನತಾಯಿ

ಆ ವರ್ಷ ಜನವರಿ ಆರರ ಮೂವರು ರಾಜರ ಹಬ್ಬದ ಸಿಹಿರೊಟ್ಟಿ ಕೊಯ್ಯುವಾಗ, ಅದರೊಳಗೆ ಹುದುಗಿಸಿಟ್ಟ ಬೆರಳುದ್ದದ ಗೊಂಬೆ ತನ್ನ ಪಾಲಿಗೆ ಬಾರದಿರಲಿ ಎಂದು ಮನೆಯವರೆಲ್ಲ ಒಳಗೊಳಗೇ ಬೇಡಿಕೊಳ್ಳುತ್ತಿದ್ದರು. ತನಗೇ ಬರಲಿ ಎಂದು ಬೇಡಿಕೊಂಡವಳು ಕಾಂದೆಲಾರಿಯಾ ಒಬ್ಬಳೇ.

ತ್ರಿನಿದಾದ್ ಅಜ್ಜಿಗೆ ಅದು ತಿಳಿದುಹೋಯಿತು. ಚಾಕು ಹಿಡಿಯುವ ಮೊದಲು ಮೊಮ್ಮಗಳ ತುಟಿ ಅಲ್ಲಾಡಿದ್ದನ್ನು ಅವಳು ಕಂಡಿದ್ದಳು. ಸತ್ತವರ ಮನೆಯಲ್ಲಿ, ಹುಟ್ಟಿದವರ ಮನೆಯಲ್ಲಿ, ಊರಿನ ಎಲ್ಲ ಮನೆಯಲ್ಲಿ ಜಪಸರ ಹೇಳಿಕೊಡುವವಳು ಅವಳು. ಯಾವ ತುಟಿ ಪ್ರಾರ್ಥನೆಗೆ ಅಲ್ಲಾಡುತ್ತದೆ, ಯಾವುದು ಬೈಗುಳಕ್ಕೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೇಡವೆನ್ನುವವರದೂ ತಪ್ಪಲ್ಲ. ಗೊಂಬೆ ಸಿಕ್ಕವರು ಫೆಬ್ರವರಿ ಎರಡರ ದೀಪದ ಹಬ್ಬಕ್ಕೆ ಬಂದವರಿಗೆಲ್ಲ ಜೋಳದ ಹಿಟ್ಟಿನ ತಮಾಲೆ ಕಡುಬು ಮಾಡಿ ಬಡಿಸಬೇಕು. ಮನೆಯ ಬಾಲಯೇಸುವಿನ ವಿಗ್ರಹವನ್ನು ಗೋದಲಿಯಿಂದ ಎಬ್ಬಿಸಿ, ಹೊಸ ಅಂಗಿ ತೊಡಿಸಿ, ತೋಳಲ್ಲಿ ಹೊತ್ತು ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸಿ ತರಬೇಕು. ಆ ವರ್ಷಕ್ಕೆ ಕಂದನ ಜ್ಞಾನತಂದೆ ಅಥವಾ ಜ್ಞಾನತಾಯಿ ಅವರೇ.

“ಕಟಕ್ ಅಂತು,” ಎಂದಳು ಏಳು ವರ್ಷದ ತಂಗಿ ಪೆರ್ಲಾ, ಕಾಂದೆಲಾರಿಯಾಳ ಕೈಯತ್ತ ತೋರಿಸಿ. “ಅಣ್ಣನ ಚಾಕು ಕಟಕ್ ಅಂತು. ನಂಗೆ ಕೇಳಿಸ್ತು.”

ಪಕ್ಕದ ಮನೆಯ ಕುಕಾ ಮುದುಕಿ ಚಪ್ಪಾಳೆ ತಟ್ಟಿದಳು. “ಸಿಕ್ತು ನೋಡು ಬ್ಲಾಸ್‌ಗೆ. ಹೋದ್ವರ್ಷ ನಂಗೆ ಸಿಕ್ಕಾಗ ನುಂಗಿಬಿಡೋಣ ಅನ್ಕೊಂಡಿದ್ದೆ. ಹಲ್ಲಿಲ್ಲದೋಳು ಬಾಯಲ್ಲಿ ಏನೂ ಬಚ್ಚಿಡೋ ಹಂಗಿಲ್ಲ.”

ಅಪ್ಪ ಅನ್ಸೆಲ್ಮೊ ನಕ್ಕ. ಈಚೆಗೆ ಅವನು ನಕ್ಕಿದ್ದೇ ಅಪರೂಪ. “ಜ್ಞಾನತಂದೆ ಆಗೋದು ಅಂದ್ರೆ ಸುಮ್ನೆ ಅಲ್ಲ. ಹಿಟ್ಟು ನಾದೋಕೆ ತೋಳಲ್ಲಿ ಕಸುವಿದೆಯಾ ಕೇಳು.”

ಕಾಂದೆ ಗೊಂಬೆಯನ್ನು ಅಂಗೈಯಲ್ಲಿಟ್ಟು ಅದಕ್ಕೆ ಅಂಟಿದ್ದ ರೊಟ್ಟಿಯ ಚೂರನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. “ಜ್ಞಾನತಂದೆ ಅಲ್ಲ ಅಪ್ಪ,” ಎಂದಳು. “ಜ್ಞಾನತಾಯಿ.”

ಬಟ್ಟಲುಗಳಲ್ಲಿ ಬಿಸಿ ಚಾಕಲೇಟಿನ ಮೇಲೆ ಕೆನೆ ಕಟ್ಟುತ್ತಿತ್ತು. ಅನ್ಸೆಲ್ಮೊ ಕುರ್ಚಿ ಹಿಂದೆ ತಳ್ಳಿ ಎದ್ದ. “ಒಂದು ಟೈರು ಅರ್ಧಕ್ಕೆ ಬಿಟ್ಟಿದೀನಿ,” ಎಂದ. ಹಬ್ಬದ ದಿನ ಊರಿನಲ್ಲಿ ಯಾರ ಟೈರೂ ಅರ್ಧಕ್ಕೆ ನಿಂತಿರುವುದಿಲ್ಲ. ಆದರೂ ಅವನನ್ನು ಯಾರೂ ತಡೆಯಲಿಲ್ಲ.

ಈ ಗಂಟು ಬಿದ್ದದ್ದು ನವೆಂಬರ್‌ನಲ್ಲಿ. ಸತ್ತವರ ಹಬ್ಬಕ್ಕೆ ಚೆಂಡುಹೂವಿನ ಎಸಳು ಬಿಡಿಸುತ್ತ ಕುಳಿತಿದ್ದಾಗ, ಎಲ್ಲರೂ ಬ್ಲಾಸ್ ಎನ್ನುತ್ತಿದ್ದ ಮಗು ತಾಯಿ ದೆಲ್ಫೀನಾಗೆ ಹೇಳಿತ್ತು: ನಾನು ಹುಡುಗ ಅಲ್ಲಮ್ಮ, ಯಾವತ್ತೂ ಆಗಿರ್ಲಿಲ್ಲ, ನನ್ನನ್ನ ಕಾಂದೆಲಾರಿಯಾ ಅಂತ ಕರೀರಿ. ದೆಲ್ಫೀನಾ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಊಟ ಮಾಡಿದ್ಯಾ ಎಂದು ಕೇಳಿದಳು. ಅವಳಿಗೆ ತಿಳಿದ ದಾರಿ ಅದೊಂದೇ. ಗಂಡನಿಗೆ ಹೇಳುವಷ್ಟರಲ್ಲಿ ಚೆಂಡುಹೂವು ಬಾಡಿತ್ತು. ಅನ್ಸೆಲ್ಮೊ ಕೂಗಾಡಲಿಲ್ಲ. ಅಂದಿನಿಂದ ಮಗುವನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ, ಅಷ್ಟೆ. ಉಪ್ಪು ಬೇಕಾದರೆ “ಉಪ್ಪು” ಎನ್ನುತ್ತಿದ್ದ. ತನ್ನ ಪಂಕ್ಚರ್ ಅಂಗಡಿಗೂ ಬರಬೇಡ ಎಂದುಬಿಟ್ಟ. ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ ತೂತು ಹಿಡಿಯುವುದರಲ್ಲಿ ಆ ಮಗುವಿನಷ್ಟು ಚುರುಕು ಆ ಬೀದಿಯಲ್ಲೇ ಯಾರೂ ಇರಲಿಲ್ಲ. ಆ ಚುರುಕನ್ನು ಕಲಿಸಿದವನೂ ಅವನೇ.

*

ಜನವರಿ ಬಂತೆಂದರೆ ತ್ರಿನಿದಾದ್ ಅಜ್ಜಿಯ ಕೋಣೆಯಲ್ಲಿ ಮಲಗಲು ಜಾಗವಿಲ್ಲ. ಸಾನ್ ಬಾರ್ತೊಲೊ ಊರಿನ ಮನೆಮನೆಯ ಬಾಲಯೇಸುಗಳು ರಿಪೇರಿಗೆ, ಹೊಸ ಅಂಗಿಗೆ ಅಲ್ಲಿಗೇ ಬರುತ್ತವೆ. ಒಂದಕ್ಕೆ ಕಿರುಬೆರಳಿಲ್ಲ, ಇನ್ನೊಂದಕ್ಕೆ ಗಾಜಿನ ಕಣ್ಣು ಒಳಗೆ ಬಿದ್ದಿದೆ, ಮತ್ತೊಂದರ ಮೂಗನ್ನು ಇಲಿ ತಿಂದಿದೆ. ಮಂಚದ ಮೇಲೆ ಸಾಲಾಗಿ ಮಲಗಿದ ಕಂದಗಳ ನಡುವೆ ದಾರಿ ಮಾಡಿಕೊಂಡು ಅಜ್ಜಿ ಮಲಗುತ್ತಿದ್ದಳು.

ಗಾಯ ಮುಚ್ಚುವುದು ಅಜ್ಜಿಯ ಕೆಲಸ, ಹೊಲಿಗೆ ಕಾಂದೆಯದು. ದೆಲ್ಫೀನಾ ವಾರದ ಸಂತೆಯಲ್ಲಿ ಅಂಗಿಗಳನ್ನು ಮಾರಿ ಬರುತ್ತಿದ್ದಳು. ಪೆರ್ಲಾ ಗುಂಡುಸೂಜಿಯ ಡಬ್ಬಿ ಹಿಡಿದುಕೊಂಡು ಎಲ್ಲರಿಗೂ ಅಡ್ಡ ಬರುತ್ತಿದ್ದಳು.

“ಅಜ್ಜಿ, ನಾನು ಹುಟ್ಟಿದ ಕಥೆ ಹೇಳಿ,” ಎಂದಳು ಕಾಂದೆ ಒಂದು ಮಧ್ಯಾಹ್ನ, ಬಾಯಲ್ಲಿ ದಾರ ಕಚ್ಚಿಕೊಂಡೇ.

“ಎಷ್ಟು ಸಲ ಹೇಳ್ಬೇಕೋ?”

“ಇನ್ನೊಂದು ಸಲ.”

ಅಜ್ಜಿಗೆ ಕಥೆ ಬೇಡವಾಗಿರಲಿಲ್ಲ. “ದೀಪದ ಹಬ್ಬದ ದಿನಾನೇ ನಿಮ್ಮಮ್ಮಂಗೆ ನೋವು ಶುರುವಾಯ್ತು. ತಮಾಲೆ ಹಂಡೆ ಒಂದ್ಕಡೆ, ಇವಳು ಒಂದ್ಕಡೆ. ಎರಡೂ ಒಟ್ಟಿಗೆ ಕುದೀತಿದ್ವು. ಹೆಣ್ಣಾದ್ರೆ ಆ ದಿನದ ಹೆಸರೇ, ಕಾಂದೆಲಾರಿಯಾ ಅಂತ ನಾನು ಬಾಯಲ್ಲೇ ಇಟ್ಕೊಂಡು ಕಾದಿದ್ದೆ. ಸೂಲಗಿತ್ತಿ ಬಂದು ಗಂಡು ಅಂದ್ಲು. ಅಷ್ಟರಲ್ಲಿ ದಿನಾನೂ ಹೊರಳಿತ್ತು. ಗೋಡೆ ಮೇಲಿನ ಕ್ಯಾಲೆಂಡರ್ ಹಾಳೆ ಹರಿದೆ. ಮಾರನೇ ದಿನ ಸಂತ ಬ್ಲಾಸ್. ಬ್ಲಾಸ್ ಅಂತ ಇಟ್ವಿ.”

“ಮತ್ತೆ ಆ ಹೆಸರು ಏನಾಯ್ತು?”

“ಯಾವುದು?”

“ಬಾಯಲ್ಲಿ ಇಟ್ಕೊಂಡಿದ್ದು.”

“ಏನಾಗುತ್ತೆ? ಅಲ್ಲೇ ಉಳೀತು.”

ಕಾಂದೆ ಹೊಲಿಗೆ ನಿಲ್ಲಿಸಿದಳು. “ನಾನು ಹೊಸದೇನೂ ಕೇಳ್ತಿಲ್ಲ ಅಜ್ಜಿ. ನೀವು ನಂಗೆ ಅಂತ ಎತ್ತಿಟ್ಟಿದ್ದನ್ನೇ ಕೇಳ್ತಿದೀನಿ.”

ಅಜ್ಜಿ ಸೂಜಿಗೆ ದಾರ ಪೋಣಿಸಲು ಹೋದಳು. ಕಣ್ಣಿಗೆ ತೂತು ಕಾಣಲಿಲ್ಲ. ಕಾಂದೆ ಸೂಜಿ ತೆಗೆದುಕೊಂಡು ಪೋಣಿಸಿ ಮರಳಿಸಿದಳು.

ಅದೇ ವಾರ ಔಷಧಿ ಅಂಗಡಿಯವನ ಹೆಂಡತಿ ತನ್ನ ಕಂದನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಕಾಂದೆ ಕಿವಿಗೆ ಓಲೆ ಹಾಕಿ, ಅಮ್ಮನ ಹಳೆಯ ರವಿಕೆ ತೊಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಹೆಂಗಸು ಕೋಣೆಯ ಬಾಗಿಲಲ್ಲೇ ನಿಂತಳು. “ಇವನಿಗೆ ಅಷ್ಟೇನೂ ಅವಸರ ಇಲ್ಲ ಬಿಡಿ ತ್ರಿನಿದಾದಮ್ಮ,” ಎಂದು ಟವೆಲನ್ನು ಮತ್ತೆ ಮುಚ್ಚಿದಳು.

“ಕಿವಿ ಮುರಿದಿದೆ ಅಂದ್ರಲ್ಲ?”

“ಕಿವಿ ಇಲ್ಲದಿದ್ರೂ ದೇವರಿಗೆ ಕೇಳ್ಸುತ್ತೆ.”

“ಕೇಳ್ಸುತ್ತೆ,” ಎಂದಳು ಅಜ್ಜಿ. “ಅದಕ್ಕೇ ಜನ ಸ್ವಲ್ಪ ನೋಡ್ಕೊಂಡು ಮಾತಾಡ್ಬೇಕು.”

ಹೆಂಗಸು ಹೋದಳು. ಕಾಂದೆ ತಲೆ ಎತ್ತಲಿಲ್ಲ. ಯಂತ್ರ ಮಾತ್ರ ಜೋರಾಗಿ ಓಡಿತು.

ಸುದ್ದಿ ಬೀದಿ ಸುತ್ತಿಕೊಂಡು ಅನ್ಸೆಲ್ಮೊನ ಅಂಗಡಿಗೆ ಬಂತು. ಊಟಕ್ಕೆ ಕುಳಿತಾಗ ಅವನು ರೊಟ್ಟಿಯನ್ನು ಕಾಳಿನ ಸಾರಿನಲ್ಲಿ ಅದ್ದುತ್ತ ಹೇಳಿದ: “ಗಿರಾಕಿ ತಿರುಗಿ ಹೋಯ್ತಂತೆ.”

“ಹೋಗ್ಲಿ ಬಿಡು,” ಎಂದಳು ದೆಲ್ಫೀನಾ. “ಪ್ರತಿ ವರ್ಷ ಚೌಕಾಶಿ ಮಾಡಿ ತಲೆ ತಿನ್ನೋಳು.”

“ನನ್ನ ಅಂಗಡಿಗೆ ಬರೋರು ಒಳಗೆ ಇಣುಕಿ ನೋಡಿ ನಗ್ತಾರೆ.”

“ಗಾಳಿ ತುಂಬ್ಸಿ ಕಳ್ಸು.”

“ತಮಾಷೆ ಬೇಡ ದೆಲ್ಫೀನಾ. ಪ್ಯಾಂಟು ಅಂಗಿ ಹಾಕ್ಕೊಂಡು ಜ್ಞಾನತಂದೆಯಾಗಿ ಹೋಗೋದಾದ್ರೆ ಹೋಗ್ಲಿ, ಹಂದಿಮಾಂಸ ನಾನೇ ತರ್ತೀನಿ. ಲಂಗ ಹಾಕ್ಕೊಂಡು ಹೋಗೋದಾದ್ರೆ ನನ್ನ ಬಾಗಿಲಿಂದ ಹೋಗೋದು ಬೇಡ.”

ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಅದೂ ಪಂಕ್ಚರ್ ಅಂಗಡಿಯೊಳಗಿಂದ. ಬೀದಿಗೆ ಹೋಗುವವರು ಟೈರುಗಳ ನಡುವೆ, ಅನ್ಸೆಲ್ಮೊ ಕೂರುವ ಸ್ಟೂಲಿನ ಪಕ್ಕದಲ್ಲೇ ಹಾದುಹೋಗಬೇಕು.

“ಹಾಗಾದ್ರೆ ಹೋಗ್ತೀನಿ, ವಾಪಸ್ ಬರಲ್ಲ,” ಎಂದಳು ಕಾಂದೆ. “ಓಫೆಲಿಯಾ ಅತ್ತೆ ಪುಯೆಬ್ಲಾ ಪಟ್ಟಣಕ್ಕೆ ಬಾ ಅಂದಿದಾರೆ. ಅಲ್ಲೇ ಹೊಲಿಗೆ ಕೆಲಸ ಸಿಗುತ್ತಂತೆ. ಹಬ್ಬ ಮುಗಿಸ್ಕೊಂಡು ಬಸ್ ಹತ್ತೀನಿ.”

“ಓದು?”

“ನೀವು ನಂಜೊತೆ ಮಾತಾಡಿದ್ದು ಇದೇ ಮೊದಲು ಅಪ್ಪ, ನವೆಂಬರ್ ಆದ್ಮೇಲೆ.”

ಅನ್ಸೆಲ್ಮೊ ಉಳಿದ ರೊಟ್ಟಿ ತಿನ್ನಲಿಲ್ಲ. ದೆಲ್ಫೀನಾ ಮೇಲುಹೊದಿಕೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಪೆರ್ಲಾ ಕೇಳಿದಳು, “ಅಣ್ಣ ಹೋದ್ರೆ ಅವನ ಮಂಚ ನಂಗಾ?” ಯಾರೂ ಬೈಯಲಿಲ್ಲ. ಅದರಿಂದಲೇ ಹೆದರಿ ಅವಳು ಅಳತೊಡಗಿದಳು.

*

ಮಾರನೆಯ ಬೆಳಿಗ್ಗೆ ಅಜ್ಜಿ ತಾನೇ ಕಾಫಿ ಹಿಡಿದು ಅಂಗಡಿಗೆ ಹೋದಳು. ಅನ್ಸೆಲ್ಮೊ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಒತ್ತಿ ಗುಳ್ಳೆ ಹುಡುಕುತ್ತಿದ್ದ.

“ಅಲ್ಲಿದೆ ನೋಡು,” ಎಂದಳು ಅಜ್ಜಿ.

“ಎಲ್ಲಿ?”

“ಆ ಕಡೆ. ಮಗು ಆಗಿದ್ರೆ ಇಷ್ಟೊತ್ತಿಗೆ ಹಿಡಿದಿರ್ತಿತ್ತು.”

ಅವನು ಟ್ಯೂಬನ್ನು ನೀರಿನಿಂದ ಎತ್ತಿ ಒರೆಸಿದ. “ಅಮ್ಮ, ನೀವೂ ಅವರ ಕಡೆನಾ?”

“ನಾನು ಕಾಫಿ ತಂದೆ.”

“ಇಗರ್ಜಿವರೆಗೆ ಎಷ್ಟು ಬೀದಿ ಇದೆ ಹೇಳಿ. ಬಸ್ ನಿಲ್ದಾಣದ ಹತ್ರ ಕೂತಿರೋ ಪಟಾಲಮ್ಮು, ಹೆಂಡದಂಗಡಿ ಮುಂದೆ ಕೂತಿರೋರು. ಒಬ್ಬ ಕಲ್ಲು ತೂರಿದ್ರೆ? ನಾನು ಎಷ್ಟು ಜನರ ಜೊತೆ ಹೊಡೆದಾಡ್ಲಿ?”

ಅಜ್ಜಿ ಟೈರಿನ ಮೇಲೆ ಕುಳಿತಳು. ಮಗನ ಕೈ ನೋಡಿದಳು. ರಬ್ಬರಿನ ಕಪ್ಪು ಉಗುರಿನ ಸಂದಿಯಿಂದ ಎಂದೂ ಹೋಗದ ಕೈ. “ಇದನ್ನ ಮಗುಗೆ ಹೇಳಿದೀಯಾ?”

“ಏನನ್ನ?”

“ಹೆದರ್ಕೊಂಡಿದೀಯ ಅಂತ.”

“ನಾನು ಹೆದರ್ಕೊಂಡಿಲ್ಲ,” ಎಂದ ಅನ್ಸೆಲ್ಮೊ. “ಕಾಫಿಗೆ ಸಕ್ಕರೆ ಹಾಕಿಲ್ಲ ನೀವು.”

ಅಜ್ಜಿ ಒಳಗೆ ಬಂದು ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದಳು. ತಳದಲ್ಲಿ, ಸತ್ತ ಗಂಡನ ಹೊದಿಕೆಯ ಕೆಳಗೆ ಒಂದು ಕೂಸಿನ ಅಂಗಿ ಇತ್ತು. ಬಿಳಿ ಹತ್ತಿ ಬಟ್ಟೆ, ಕೊರಳ ಸುತ್ತ ಕೆಂಪು ದಾರದ ಸಣ್ಣ ಹೂವು. ಸೊಸೆ ಬಸುರಿಯಾಗಿದ್ದಾಗ ಅವಳು ಎರಡು ಅಂಗಿ ಹೊಲಿದಿದ್ದಳು, ಗಂಡಾದರೆ ಒಂದು, ಹೆಣ್ಣಾದರೆ ಒಂದು. ನೀಲಿ ಹೂವಿನದು ತೊಟ್ಟು, ಒಗೆದು, ಚಿಂದಿಯಾಗಿ ಅಡುಗೆಮನೆಯ ಒರೆಸುಬಟ್ಟೆಯೂ ಆಗಿ ಮುಗಿದುಹೋಗಿತ್ತು. ಇದಕ್ಕೆ ಒಂದು ಮಡಿಕೆಯೂ ಮಾಸಿರಲಿಲ್ಲ. ಪೆರ್ಲಾ ಹುಟ್ಟಿದಾಗ ತೊಡಿಸಬಹುದಿತ್ತು. ಆಗ ಯಾಕೆ ತೆಗೆಯಲಿಲ್ಲ ಎಂಬುದು ಅಜ್ಜಿಗೇ ಗೊತ್ತಿರಲಿಲ್ಲ. ಇದು ಬೇರೆ ಯಾರದೋ ಎಂದು ಕೈ ತಡೆದಿತ್ತು.

ಕಾಂದೆಯ ಮಡಿಲಿಗೆ ಅದನ್ನು ಹಾಕಿದಳು. “ಮನೆ ಕಂದನಿಗೆ ಏನು ಹೊಲೀತಿದೀಯ ಈ ಸಲ?”

“ಇನ್ನೂ ಯೋಚಿಸಿಲ್ಲ ಅಜ್ಜಿ. ಹೋಗೋ ಗಡಿಬಿಡೀಲಿ...”

“ಹೊಲೀಬೇಡ. ಇದು ನಿಂದು. ಆಗ್ಲೇ ಕೊಡ್ಬೇಕಾಗಿತ್ತು. ಈಗ ನಿಂಗೆ ತೋಳೂ ಹಿಡಿಸಲ್ಲ. ಕಂದನಿಗೆ ತೊಡಿಸು.”

ಕಾಂದೆ ಕೊರಳ ಹೂವುಗಳ ಮೇಲೆ ಬೆರಳಾಡಿಸಿದಳು. ಎಷ್ಟೋ ಹೊತ್ತಿನ ಮೇಲೆ, “ಇಲ್ಲಿ ಒಂದು ಹೊಲಿಗೆ ತಪ್ಪಿದೀರಿ,” ಎಂದಳು.

“ತಪ್ಪಿದ್ದು ಒಂದೇ ಅಲ್ಲ,” ಎಂದಳು ಅಜ್ಜಿ. “ಸರಿ ಮಾಡು.”

*

ದೀಪದ ಹಬ್ಬದ ಬೆಳಿಗ್ಗೆ ಅಡುಗೆಮನೆ ಹೊಗೆಯಿಂದ, ಹೆಂಗಸರಿಂದ ತುಂಬಿತು. ಮುಸುಕಿನ ಜೋಳದ ಸಿಪ್ಪೆಗಳು ಹಿಂದಿನ ದಿನದಿಂದ ನೆನೆಯುತ್ತಿದ್ದವು. ದೆಲ್ಫೀನಾ ಹಂದಿಯ ಕೊಬ್ಬನ್ನು ಜೋಳದ ಹಿಟ್ಟಿಗೆ ಸೇರಿಸಿ ಬಡಿದಳು, ಕಾಂದೆ ಬಡಿದಳು, ಕುಕಾ ಬಡಿಯುವವರಿಗೆಲ್ಲ ಬುದ್ಧಿ ಹೇಳಿದಳು. ಚಿಟಿಕೆ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ಅದು ತೇಲಬೇಕು. ಮೂರನೆಯ ಸಲಕ್ಕೆ ತೇಲಿತು.

“ಹಗುರಾಯ್ತು,” ಎಂದಳು ಕುಕಾ. “ಪಾಪ ಕಳೆದ ಆತ್ಮದ ಹಾಗೆ.”

ಹಂಡೆಯ ತಳಕ್ಕೆ ನೀರು ಹಾಕಿ, ಅದರಲ್ಲಿ ಒಂದು ಪೆಸೊ ನಾಣ್ಯ ಬಿಟ್ಟರು. ನೀರಿರುವ ತನಕ ನಾಣ್ಯ ಕುಣಿದು ಸದ್ದು ಮಾಡುತ್ತದೆ, ಸದ್ದು ನಿಂತರೆ ನೀರು ಸುರಿಯಬೇಕು. ಜಾಲರಿಯ ಮೇಲೆ ಸಿಪ್ಪೆಯಲ್ಲಿ ಸುತ್ತಿದ ತಮಾಲೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾಗ ಅನ್ಸೆಲ್ಮೊ ಕಾಫಿಗೆಂದು ಒಳಗೆ ಬಂದ. ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿದ ನೀಲಿ ಲಂಗ ತೂಗುಹಾಕಿತ್ತು. ಅದರ ಪಕ್ಕದಲ್ಲೇ ಬಟ್ಟೆ ತುಂಬಿದ ಚೀಲ ಇತ್ತು.

“ಹಠ ಬಿಡಲ್ಲ ಅನ್ನು.”

“ನಿಮ್ಮ ಮಗುನೇ ಅಲ್ವಾ ಅಪ್ಪ,” ಎಂದಳು ಕಾಂದೆ.

“ಹಂಡೆ ಎದುರಿಗೆ ಜಗಳ ಬೇಡ,” ಎಂದಳು ಅಜ್ಜಿ. ಮಾತು ತಡವಾಗಿತ್ತು.

“ನಾನು ನಿಂಗೆ ಏನು ಕಮ್ಮಿ ಮಾಡಿದೆ? ನಮ್ಮಪ್ಪ ನಂಗೆ ಮಾಡದೇ ಇದ್ದಿದ್ದನ್ನೆಲ್ಲ ಮಾಡಿದೆ. ಬೀದೀಲಿ ತಲೆ ಎತ್ಕೊಂಡು ಓಡಾಡೋದೊಂದು ಇತ್ತು ನಂಗೆ, ಅದನ್ನೂ ಕಿತ್ಕೊಂಡೆ.”

“ನಾನು ನಿಮ್ಮಿಂದ ಏನೂ ಕಿತ್ಕೊಂಡಿಲ್ಲ. ನನ್ನನ್ನ ಕರೀರಿ ಅಂದೆ ಅಷ್ಟೆ. ನಾಯೀನಾದ್ರೂ ಹೆಸರಿಟ್ಟು ಕರೀತೀರಿ.”

ಅನ್ಸೆಲ್ಮೊ ಮೇಜಿಗೆ ಕೈಯಪ್ಪಳಿಸಿದ. ಸಿಪ್ಪೆಯ ಬೋಗುಣಿ ಉರುಳಿ ನೆಲವೆಲ್ಲ ನೀರಾಯಿತು. ಅವನು ಕಾಫಿ ಕುಡಿಯದೆ ಅಂಗಡಿಗೆ ನಡೆದ. ದೆಲ್ಫೀನಾ ನೆಲ ಒರೆಸಿದಳು. ಕಾಂದೆ ಉಳಿದ ತಮಾಲೆ ಸುತ್ತಿ ನಿಲ್ಲಿಸಿದಳು, ಮುಚ್ಚಳ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತಳದಲ್ಲಿ ನಾಣ್ಯ ಕುಣಿಯತೊಡಗಿತು.

ಹೊತ್ತೇರಿದಾಗ ಎಲ್ಲರೂ ಗೋದಲಿಯ ಮುಂದೆ ನಿಂತರು. ಕ್ರಿಸ್‌ಮಸ್‌ನಿಂದ ಪಾಚಿಯ ಹಾಸಿನ ಮೇಲೆ ಮಲಗಿದ್ದ ಕಂದನನ್ನು ಎಬ್ಬಿಸುವ ಪದ ಅಜ್ಜಿಗೆ ಅವಳ ಅಜ್ಜಿಯಿಂದ ಬಂದದ್ದು. ಎಲ್ಲಿಯೂ ಬರೆದಿಟ್ಟದ್ದಲ್ಲ. ಅದರಲ್ಲೊಂದು ಸಾಲಿನಲ್ಲಿ ಆ ವರ್ಷದ ಜ್ಞಾನತಾಯಿಯ ಹೆಸರನ್ನು ಇಟ್ಟು ಹೇಳಬೇಕು. ಹೋದ ವರ್ಷ ಕುಕಾಳ ಹೆಸರಿತ್ತು. ಹೆಸರಿಲ್ಲದೆ ಸಾಲು ಕುಂಟುತ್ತದೆ, ಕಂದ ಏಳುವುದಿಲ್ಲ ಎಂದು ಹಿಂದಿನವರು ಹೇಳುತ್ತಿದ್ದರು.

ಕಾಂದೆ ನೀಲಿ ಲಂಗ, ಬಿಳಿ ರವಿಕೆಯಲ್ಲಿ ಮಂಡಿಯೂರಿದ್ದಳು. ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು.

*ಹುಲ್ಲಿನ ಹಾಸಿಗೆ ಸಾಕೇಳೊ ನನಕಂದ,*
*ಬೆಳ್ಳನೆ ಅಂಗಿ ತಂದಾಳೊ...*

ದನಿ ಅಲ್ಲಿಗೆ ನಿಂತಿತು. ದೆಲ್ಫೀನಾ ಕಣ್ಣೆತ್ತಿ ನೋಡಿದಳು. ಕುಕಾ ಕತ್ತು ಮುಂದೆ ಚಾಚಿದಳು. ಕಾಂದೆ ತಲೆ ತಗ್ಗಿಸಿದ್ದಳು. ಅವಳ ಕತ್ತಿನ ಮೇಲೆ ಉದ್ದವಾಗುತ್ತಿದ್ದ ಕೂದಲು ಇನ್ನೂ ಜಡೆಗೆ ಸಾಲುತ್ತಿರಲಿಲ್ಲ. ಅಜ್ಜಿ ಜೀವಮಾನವಿಡೀ ಪದ ಹೇಳಿದವಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಅವಳಿಗೆ ಗೊತ್ತಿತ್ತು. ಉಸಿರು ತೆಗೆದುಕೊಂಡಳು.

*ಬೆಳ್ಳನೆ ಅಂಗಿ ತಂದಾಳೊ ಕಾಂದೆಲಾರಿಯಾ,*
*ತೋಳೆಂಬ ಬಾಗಿಲು ತೆರೆದಾಳೊ.*

ಹದಿನಾರು ವರ್ಷ ಬಾಯಲ್ಲಿ ಉಳಿದದ್ದು ಸಾಲಿನಲ್ಲಿ ಸರಿಯಾಗಿ ಕುಳಿತಿತು. ಕಾಂದೆ ಕಂದನನ್ನು ಎತ್ತಿಕೊಂಡಳು. ಕೆಂಪು ಹೂವಿನ ಅಂಗಿಯನ್ನು ಅವಳು ತೊಡಿಸಿದಳು, ಗುಂಡಿಯನ್ನು ಪೆರ್ಲಾ ಹಾಕಿದಳು.

ಮೇಣದಬತ್ತಿ ಹಿಡಿದು ಅಜ್ಜಿ ಮುಂದೆ, ಕಂದನನ್ನು ಹೊತ್ತು ಕಾಂದೆ ಹಿಂದೆ ಅಂಗಡಿಗೆ ಬಂದರು. ಹಬ್ಬವೆಂದು ಷಟರ್ ಅರ್ಧ ಇಳಿದಿತ್ತು. ಅನ್ಸೆಲ್ಮೊ ಸ್ಟೂಲಿನ ಮೇಲೆ ಬೆನ್ನು ಹಾಕಿ ಕುಳಿತಿದ್ದ. ಒಳಗಿನಿಂದ ಪದ ಕೇಳಿಸಿತ್ತೋ ಇಲ್ಲವೋ, ಗೋಡೆ ಒಂದು ಇಟ್ಟಿಗೆಯ ದಪ್ಪ.

“ಷಟರ್ ಎತ್ತು ಅನ್ಸೆಲ್ಮೊ,” ಎಂದಳು ಅಜ್ಜಿ.

ಅವನು ಅಲ್ಲಾಡಲಿಲ್ಲ. “ಬಗ್ಗಿ ಹೋದ್ರೆ ಆಗುತ್ತೆ.”

“ನಾನು ಬಗ್ತೀನಿ. ಕಂದ ಬಗ್ಗಿ ಹೋಗಬಾರದು. ನಿಮ್ಮಪ್ಪನ ಕಾಲದಿಂದ ಅವನು ಈ ಬಾಗಿಲಲ್ಲಿ ತಲೆ ಎತ್ಕೊಂಡೇ ಹೋಗಿದಾನೆ.”

ಅನ್ಸೆಲ್ಮೊ ಎದ್ದ. ಯಾರನ್ನೂ ನೋಡದೆ ಷಟರನ್ನು ಮೇಲೆ ತಳ್ಳಿದ, ಪೂರ್ತಿ. ಅವರು ಹಾದುಹೋಗುವಾಗ ದಾರಿಯಲ್ಲಿದ್ದ ಒಂದು ಟೈರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಬಸ್ ನಿಲ್ದಾಣದ ಹತ್ತಿರ ಯಾರೋ ಸಿಳ್ಳೆ ಹೊಡೆದರು. “ನಂಗೇ ಹೊಡೆದಿದ್ದು,” ಎಂದಳು ಕುಕಾ, ಕೈಬೀಸಿ. “ಎಷ್ಟು ವರ್ಷ ಆಗಿತ್ತು.” ಇಗರ್ಜಿಯಲ್ಲಿ ಕೆಲವರು ಕಾಂದೆಯನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕಂದಗಳ ಅಂಗಿ ಸರಿಪಡಿಸಿಕೊಂಡರು. ಪಾದ್ರಿ ತೀರ್ಥ ಚಿಮುಕಿಸುವಾಗ ಎಲ್ಲರ ಮೇಲೂ ಒಂದೇ ಸಮ ಬಿತ್ತು. ತಿರುಗಿ ನೋಡಿದಾಗ ಹಿಂದಿನ ಕಂಬದ ಬಳಿ ಕೆಲಸದ ಬಟ್ಟೆಯಲ್ಲೇ ನಿಂತಿದ್ದ ಒಬ್ಬ ಗಂಡಸಿನ ಬೆನ್ನು ಹೊರಗೆ ಹೋಗುತ್ತಿರುವುದು ಅಜ್ಜಿಗೆ ಕಂಡಿತು. ಆ ಬೆನ್ನನ್ನು ಅವಳೇ ಹೆತ್ತದ್ದು. ಅವಳು ಯಾರಿಗೂ ಹೇಳಲಿಲ್ಲ.

*

ಮನೆಗೆ ಬಂದಾಗ ಅಕ್ಕಪಕ್ಕದವರು ತಟ್ಟೆ ಹಿಡಿದು ಅಂಗಳದಲ್ಲಿ ಕುಳಿತಾಗಿತ್ತು. ಕುಕಾ ಹಂಡೆಯ ಮುಚ್ಚಳ ತೆಗೆದು ಒಂದು ತಮಾಲೆ ಬಿಚ್ಚಿದಳು. ಸಿಪ್ಪೆಗೆ ಹಿಟ್ಟು ಮೆತ್ತಿಕೊಂಡು ಬಂತು.

“ಹಸಿ,” ಎಂದಳು.

ಇನ್ನೊಂದು ಬಿಚ್ಚಿದರು. ಅದೂ ಹಸಿ. ಬೆಳಗಿನಿಂದ ಬೇಯುತ್ತಿರುವ ಹಂಡೆ.

“ಗ್ಯಾಸ್ ಮುಗಿದಿರ್ಬೇಕು,” ಎಂದು ಅನ್ಸೆಲ್ಮೊ ಬಾಗಿಲಿನಿಂದ ಬಂದ. ಸಿಲಿಂಡರ್ ಅಲ್ಲಾಡಿಸಿದ. ಭಾರವಾಗಿತ್ತು. ಉರಿ ನೋಡಿದ. ನೀಲಿಯಾಗಿ ಚೆನ್ನಾಗಿ ಉರಿಯುತ್ತಿತ್ತು. ಕಿವಿಯಿಟ್ಟು ಕೇಳಿದ. ನಾಣ್ಯ ಕುಣಿಯುತ್ತಿತ್ತು, ನೀರೂ ಇತ್ತು. ನೋಡಲು ಇನ್ನೇನೂ ಉಳಿಯಲಿಲ್ಲ.

“ಈ ಹಂಡೆ ಎದುರಿಗೆ ಯಾರು ಕೋಪ ಮಾಡ್ಕೊಂಡಿದ್ದು?” ಎಂದಳು ಕುಕಾ, ತನಗೆ ಗೊತ್ತೇ ಇಲ್ಲವೆಂಬಂತೆ.

“ಅಪ್ಪ,” ಎಂದಳು ಪೆರ್ಲಾ. “ಬೋಗುಣಿನೂ ಬೀಳ್ಸಿದ್ರು.”

ಅಂಗಳದಲ್ಲಿ ಯಾರೋ ಕೆಮ್ಮಿದರು. ಏನು ಮಾಡಬೇಕೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಕೋಪ ಕಂಡ ತಮಾಲೆ ಬೇಯುವುದಿಲ್ಲ. ಕೋಪ ಮಾಡಿಕೊಂಡವನು, ಯಾರ ಮೇಲೆ ಮಾಡಿಕೊಂಡನೋ ಅವರ ಕೈಹಿಡಿದು ಹಂಡೆಯ ಮುಂದೆ ಕುಣಿಯಬೇಕು. ಕುಕಾ ಆಗಲೇ ಜೋಳದ ಸಿಪ್ಪೆಯನ್ನು ಸೀಳಿ ಹಂಡೆಯ ಎರಡೂ ಕಿವಿಗೆ ಗಂಟು ಹಾಕುತ್ತಿದ್ದಳು.

“ಇದೆಲ್ಲ ಮುದುಕೀರ ಕಟ್ಟುಕತೆ,” ಎಂದ ಅನ್ಸೆಲ್ಮೊ.

“ಹೌದು,” ಎಂದಳು ದೆಲ್ಫೀನಾ. “ಹೊರಗೆ ಹಸ್ಕೊಂಡು ಕೂತಿರೋರಿಗೆ ನೀನೇ ಹೋಗಿ ಹೇಳು, ಕಟ್ಟುಕತೆ ತಿನ್ನಿ ಅಂತ.”

ಕಾಂದೆ ಕಂದನನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಒಲೆಯ ಹತ್ತಿರ ಬಂದು ನಿಂತಳು. ಕೈ ಚಾಚಲಿಲ್ಲ. ಬಟ್ಟೆಯ ಚೀಲ ಇನ್ನೂ ಕುರ್ಚಿಯ ಪಕ್ಕದಲ್ಲೇ ಇತ್ತು. ಅನ್ಸೆಲ್ಮೊ ಅದನ್ನು ನೋಡಿದ.

“ಬಸ್ ಎಷ್ಟೊತ್ತಿಗೆ?” ಎಂದು ಕೇಳಿದ.

“ಐದಕ್ಕೆ.”

ಅವನು ತನ್ನ ಕೈ ನೋಡಿಕೊಂಡ. ಅವಳ ರವಿಕೆಯ ಬಿಳಿ ತೋಳು ನೋಡಿದ. ಪ್ಯಾಂಟಿಗೆ ಒಂದು ಸಲ ಕೈಯೊರೆಸಿದ, ಸಾಲದೆಂದು ಇನ್ನೊಂದು ಸಲ ಒರೆಸಿದ. ಆಮೇಲೆ ಆ ಕೈ ಚಾಚಿದ.

ಕುಕಾ ಮುಚ್ಚಳ ಬಡಿದಳು, ಪೆರ್ಲಾ ಚಮಚ. ಅಪ್ಪ ಮರದ ಹಾಗೆ ಕುಣಿದ. ಮಗಳು ಅವನ ಕಾಲು ತುಳಿಯದ ಹಾಗೆ ಕುಣಿದಳು. ಎರಡನೆಯ ಸುತ್ತಿಗೆ ಅವನ ಭುಜ ಸಡಿಲವಾಯಿತು. ಒಂದು ಕಾಲದಲ್ಲಿ ಈ ಬೀದಿಯ ಮದುವೆಗಳಲ್ಲಿ ಕುಣಿಯುತ್ತಿದ್ದವನು ಅವನು. ಹತ್ತಿರ ಬಂದಾಗ ಅವನು ಏನೋ ಹೇಳಿದ. ಅಜ್ಜಿಯ ಕಿವಿ ಇನ್ನೂ ಚುರುಕು.

“ಯಾರಾದ್ರೂ ಹೊಡೆದ್ರೆ ಅಂತ ಹೆದರ್ಕೆ ನಂಗೆ,” ಎಂದಿದ್ದ.

“ನಂಗೂ ಹೆದರ್ಕೆನೇ ಅಪ್ಪ,” ಎಂದಳು ಕಾಂದೆ. “ಜೊತೆಗೆ ಬನ್ನಿ.”

ಹಂಡೆ ಬೇಯಲು ಮತ್ತೆ ಅಷ್ಟು ಹೊತ್ತು ಹಿಡಿಯಿತು. ಸಿಪ್ಪೆ ಕಟ್ಟಿದ್ದರಿಂದಲೋ, ಕಿವಿಯಿಟ್ಟು ಕೇಳಿದವನು ಮುಚ್ಚಳವನ್ನು ಬಿಗಿಯಾಗಿ ಒತ್ತಿದ್ದರಿಂದಲೋ, ಈ ಸಲ ಸಿಪ್ಪೆ ಹಿಟ್ಟಿನಿಂದ ಬಾಳೆಯ ಸಿಪ್ಪೆಯಂತೆ ಬಿಟ್ಟು ಬಂತು. ಆಗಲೇ ಐದು ದಾಟಿ ಹೋಗಿತ್ತು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಮೊದಲ ತಟ್ಟೆಯನ್ನು ಮನೆಯ ಯಜಮಾನ ಕಂದನ ಜ್ಞಾನತಾಯಿಗೆ ಕೊಡಬೇಕು. ಅಂದಿನಿಂದ ಅವಳು ಆ ಮನೆಗೆ ಕೊಮಾದ್ರೆ, ದೇವರ ಮುಂದೆ ಕೂಡಿದ ನಂಟು. ಅಕ್ಕ ತಂಗಿಯೇ ಆಗಿದ್ದರೂ, ನಿನ್ನೆ ತನಕ ಕೂಗಿ ಕರೆದವಳೇ ಆಗಿದ್ದರೂ, ಇನ್ನು ಬಹುವಚನದಲ್ಲೇ ಮಾತಾಡಿಸಬೇಕು. ಅನ್ಸೆಲ್ಮೊ ತಟ್ಟೆ ಹಿಡಿದು ಕಾಂದೆಯ ಮುಂದೆ ನಿಂತ. ಬಾಯಿ ತೆರೆದ, ಮುಚ್ಚಿದ, ಗಂಟಲು ಸರಿಮಾಡಿಕೊಂಡ.

“ಬಿಸಿ ಇದೆ,” ಎಂದ. “ನಿಧಾನಕ್ಕೆ ತಿನ್ನಿ, ಕೊಮಾದ್ರೆ.”

ಪೆರ್ಲಾ ಕಿಸಕ್ಕನೆ ನಕ್ಕಳು. “ಅಪ್ಪ ಅಕ್ಕನಿಗೆ ತಿನ್ನಿ ಅಂದ್ರು.”

ಅವಳು ಅಕ್ಕ ಎಂದದ್ದನ್ನು ಯಾರೂ ತಿದ್ದಲಿಲ್ಲ. ದೆಲ್ಫೀನಾ ಬಟ್ಟೆಯ ಚೀಲವನ್ನೆತ್ತಿ ಒಳಗಿನ ಮಂಚದ ಮೇಲಿಟ್ಟು ಬಂದಳು. ಕಾಂದೆ ಮೊದಲ ತುತ್ತನ್ನು ಬಾಯಿಗಿಟ್ಟು, ಬಿಸಿಗೋ ಏನೋ, ಕಣ್ಣಲ್ಲಿ ನೀರು ತಂದುಕೊಂಡಳು.

ಹೆಸರು ಇನ್ನೂ ಮಗನ ಗಂಟಲಲ್ಲೇ ಸಿಕ್ಕಿಕೊಂಡಿದೆ ಎಂಬುದು ಅಜ್ಜಿಗೆ ಗೊತ್ತಿತ್ತು. ಅವಳು ಅವಸರ ಮಾಡಲಿಲ್ಲ. ನಾಳೆ ಸಂತ ಬ್ಲಾಸನ ಹಬ್ಬ, ಪಾದ್ರಿ ಎರಡು ಮೇಣದಬತ್ತಿಯನ್ನು ಕತ್ತಿಗಿಟ್ಟು ಗಂಟಲಿನ ಅಡಚಣೆ ಬಿಡಿಸುವ ದಿನ. ಬೆಳಿಗ್ಗೆ ಬೇಗ ಎಬ್ಬಿಸಿ ಇವನನ್ನು ಸಾಲಿನಲ್ಲಿ ಮೊದಲಿಗನಾಗಿ ನಿಲ್ಲಿಸಬೇಕು ಎಂದುಕೊಂಡು, ಅವಳು ಕಂದನ ಅಂಗಿಯ ಕೊರಳನ್ನು ನೇವರಿಸಿದಳು. ತಪ್ಪಿದ ಹೊಲಿಗೆ ಸರಿಯಾಗಿತ್ತು.